‘ಬಡತನ’ದ ಚೀಟಿಗೆ ಒಂದು ಹೆಸರು

ಆಡುಮಾತಿನ ನಿಘಂಟೊಂದರ ಕೆಲಸದಲ್ಲಿ ನಾನು ಮೂರು ವರ್ಷ ಇದ್ದೆ. ಅದರಲ್ಲಿ ಎರಡೂವರೆ ವರ್ಷದ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಬಸ್ಸು ಹತ್ತಿದೆ, ಇಳಿದೆ, ಕೇಳಿದೆ, ಬರೆದೆ. ಹೇಳಬೇಕಾದದ್ದು ‘ಬಡತನ’ ಎಂಬ ಒಂದು ಪದದ ಬಗ್ಗೆ ಮಾತ್ರ. ಆ ಪದ ನನ್ನನ್ನು ಜಗಳೂರಿನ ಕಡೆಯ ಒಂದು ಹಳ್ಳಿಯಲ್ಲಿ ಎರಡು ದಿನ ಕೂಡಿಹಾಕಿತು. ಆ ಎರಡು ದಿನ ನೆನೆದರೆ ಈಗಲೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನನ್ನ ಹುದ್ದೆಯ ಹೆಸರು ಪದ ಸಂಗ್ರಾಹಕಿ. ಹಾಗಂದರೆ ಏನೆಂದು ನನ್ನ ತಾಯಿಗೆ ಕೊನೆಯವರೆಗೂ ತಿಳಿಯಲಿಲ್ಲ. ಯಾರಾದರೂ ಕೇಳಿದರೆ ‘ಗೌರ್ಮೆಂಟಿನಾಗೆ ಬರಿಯೋ ಕೆಲಸ’ ಎಂದು ಹೇಳಿ ಮಾತು ತಿರುಗಿಸುತ್ತಿದ್ದಳು. ಕೆಲಸ ಹಂಗಾಮಿ. ಆರು ತಿಂಗಳಿಗೊಮ್ಮೆ ಸಂಪಾದಕರು ನನ್ನ ಚೀಟಿಗಳನ್ನು ನೋಡಿ, ಸರಿಯಿದ್ದರೆ ಇನ್ನಾರು ತಿಂಗಳಿಗೆ ಮುಂದುವರಿಸುತ್ತಿದ್ದರು. ಆ ಸಲ ನನ್ನ ಪಾಲಿಗೆ ಬಂದ ಪದ ‘ಬಡತನ’. ‘ಪುಸ್ತಕದಲ್ಲಿ ಇದಕ್ಕೆ ಬೇಕಾದಷ್ಟು ಸಿಕ್ಕಿದೆಯಮ್ಮ, ನನಗೆ ಜನ ಬಾಯಲ್ಲಿ ಹೇಗೆ ಆಡುತ್ತಾರೆ ಅನ್ನೋದು ಬೇಕು. ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು. ನಾಲ್ಕೂ ಕಡೆ ಹೋಗಿ ಬನ್ನಿ’ ಎಂದು ಸಂಪಾದಕರು ಒಂದು ತಗಡಿನ ಪೆಟ್ಟಿಗೆಯನ್ನೂ ಖಾಲಿ ಚೀಟಿಗಳ ಕಟ್ಟನ್ನೂ ಕೈಗಿತ್ತರು.

ಚೀಟಿ ಬರೆಯುವ ಕ್ರಮ ಹೀಗಿತ್ತು. ಮೇಲೆ ಎಡಕ್ಕೆ ಪದವನ್ನು ದೊಡ್ಡಕ್ಷರದಲ್ಲಿ ಬರೆದು ಅಡಿಗೆರೆ ಹಾಕಬೇಕು. ಅದರ ಕೆಳಗೆ ಹೇಳಿದವರ ಹೆಸರು, ವಯಸ್ಸು, ಊರು, ಕಸುಬು. ಆಮೇಲೆ ಅವರು ಆಡಿದ ಮಾತು, ಒಂದಕ್ಷರವೂ ತಿದ್ದದ ಹಾಗೆ. ಹೆಸರಿಲ್ಲದ ಚೀಟಿ ತಿರಸ್ಕೃತ. ಸಂಗ್ರಾಹಕರು ತಮ್ಮ ಸ್ವಂತ ಮಾತನ್ನು ಚೀಟಿ ಮಾಡಿದರೆ ಅದೂ ತಿರಸ್ಕೃತ. ಕೂತಲ್ಲೇ ವಾಕ್ಯ ಹೊಸೆಯುವ ಕಳ್ಳರು ನಮ್ಮಲ್ಲೂ ಇದ್ದರು, ಅದಕ್ಕೇ ಆ ನಿಯಮ.

ಹೊನ್ನಾಳಿಯಲ್ಲಿ ಪದ ತಾನಾಗಿ ಕೈಗೆ ಬಂತು. ಅಕ್ಕಿ ಗಿರಣಿಯ ಮಾಲೀಕರೊಬ್ಬರು ಊಟಕ್ಕೆ ಕರೆದರು. ಎಲೆಯ ತುಂಬ ಹೋಳಿಗೆ, ಅದರ ಮೇಲೆ ಹರಿಯುವಷ್ಟು ತುಪ್ಪ. ಬಡಿಸುತ್ತ ಅವರೆಂದರು: ‘ಬಡತನದ ಮನೆ ಊಟ, ಸಂಕೋಚ ಮಾಡ್ಕಬ್ಯಾಡ್ರಿ.’ ಬಾಯಲ್ಲಿ ಹೋಳಿಗೆ ಇಟ್ಟುಕೊಂಡೇ ಚೀಟಿ ಬರೆದೆ. ನ್ಯಾಮತಿಯಲ್ಲಿ ದನದ ದಲ್ಲಾಳಿಯೊಬ್ಬ ಎತ್ತಿನ ಪಕ್ಕೆ ಸವರಿ ‘ಬಡವಾಗೈತೆ, ಮೇವು ತಿಂದ್ರೆ ತುಂಬ್ಕಂತೈತೆ’ ಎಂದ. ಸಂತೇಬೆನ್ನೂರಿನ ಸಂತೆಯಲ್ಲಿ ಒಬ್ಬಾಕೆ ಗಂಡನ ಮನೆಯಿಂದ ಬಂದ ಮಗಳ ಕೆನ್ನೆ ಹಿಡಿದು ‘ಎಷ್ಟು ಬಡವಾಗಿ ಬಂದೀಯೇ’ ಎಂದು ಕಣ್ಣೊರೆಸಿಕೊಂಡಳು. ಮಗಳು ದುಂಡಗೇ ಇದ್ದಳು. ತಾಯಂದಿರ ಕಣ್ಣಿಗೆ ಗಂಡನ ಮನೆಯಿಂದ ಬಂದವರೆಲ್ಲ ಬಡವಾಗಿಯೇ ಕಾಣುತ್ತಾರೆ.

ಆದರೆ ನಿಜವಾಗಿ ಇಲ್ಲದವರ ಬಾಯಲ್ಲಿ ಈ ಪದ ನನಗೆ ಒಮ್ಮೆಯೂ ಸಿಗಲಿಲ್ಲ. ಅವರು ‘ಈ ಸಲ ವಸಿ ಅಡಚಣೆ’ ಎಂದರು, ‘ತಾಪತ್ರಯ’ ಎಂದರು, ಹೆಚ್ಚಿನವರು ಸುಮ್ಮನೆ ‘ಇಲ್ಲ’ ಎಂದರು. ಚನ್ನಗಿರಿಯಲ್ಲಿ ಪಾತ್ರೆಗೆ ಕಲಾಯಿ ಹಾಕುವ ಸಾಹೇಬರೊಬ್ಬರ ಬಾಯಿ ಹೇಗಾದರೂ ಬಿಡಿಸಬೇಕೆಂದು ಅರ್ಧ ದಿನ ಅವರ ಕುಲುಮೆಯ ಮುಂದೆ ಕೂತೆ. ಕಡೆಗೆ ಅವರು ನಕ್ಕರು. ‘ಮೇಡಂ, ಗರೀಬಿ ಅಂತ ನನ್ನ ಬಗ್ಗೆ ನಾನು ಹೇಳ್ಕಂತೀನಿ. ಬಡತನ ಅಂತ ನೀವು ನನ್ನ ಬಗ್ಗೆ ಹೇಳ್ತೀರಿ. ನನ್ನ ಬಾಯಾಗೆ ಯಾಕೆ ಹುಡುಕ್ತೀರಿ?’ ಅದನ್ನೂ ಬರೆದುಕೊಂಡೆ. ಅವರು ಹೇಳಿದ್ದು ಏನೆಂದು ಆಗ ನನ್ನ ತಲೆಗೆ ಹೋಗಲಿಲ್ಲ. ಚೀಟಿ ಒಂದು ಹೆಚ್ಚಾಯಿತೆಂದು ಹಿಗ್ಗಿದೆ ಅಷ್ಟೆ.

ಜಗಳೂರಿನಿಂದ ಆ ಹಳ್ಳಿಗೆ ದಿನಕ್ಕೆ ಎರಡು ಸಲ ಬಸ್ಸು, ಬೆಳಿಗ್ಗೆ ಹತ್ತಕ್ಕೆ ಮತ್ತು ಸಂಜೆ ನಾಲ್ಕಕ್ಕೆ. ಬೆಳಗಿನ ಬಸ್ಸಿಗೆ ಇಳಿದೆ, ಸಂಜೆಯದಕ್ಕೆ ವಾಪಸಾಗುವ ಲೆಕ್ಕ. ಬಸ್ಸಿಳಿದ ಕಡೆಯೇ ಓಣಿಯ ಮೊದಲ ಮನೆಯ ಕಟ್ಟೆಯ ಮೇಲೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಕೌದಿ ಹೊಲಿಯುತ್ತಿದ್ದರು. ಹಳೇ ಸೀರೆಯ ತುಂಡುಗಳನ್ನು ಪದರ ಪದರ ಹಾಸಿ ದಬ್ಬಳದಿಂದ ಸಾಲು ಹಿಡಿಯುವ ಕೆಲಸ. ಗಂಡ ತೀರಿಹೋಗಿ ಬಹಳ ವರ್ಷ. ಒಬ್ಬಳೇ ಮಗಳು. ‘ಬಿಸಿಲಾಗೆ ಯಾಕೆ ನಿಂತೀಯವ್ವ, ಒಳಗೆ ಬಾ’ ಎಂದು ಕರೆದು ಮಜ್ಜಿಗೆ ಕೊಟ್ಟರು.

ಒಳಗೆ ಹೋದರೆ ಪುಟ್ಟ ಮನೆಯ ಗೋಡೆಯುದ್ದಕ್ಕೂ ಹಿತ್ತಾಳೆ ಕೊಡಗಳು, ತಾಮ್ರದ ಹಂಡೆ, ಮೂಲೆಯಲ್ಲಿ ನಾಲ್ಕು ಮೂಟೆ ಜೋಳ. ಕೌದಿ ಹೊಲಿಯುವವರ ಮನೆಯಲ್ಲಿ ಇಷ್ಟೆಲ್ಲ ಇದೆಯಲ್ಲ ಎಂದುಕೊಂಡೆ. ಮಗಳು ಹಂಡೆ ತಿಕ್ಕುತ್ತ ಮೆಲ್ಲಗೆ ಹೇಳಿದಳು: ‘ನಮ್ಮವಲ್ಲ ಅಕ್ಕ. ಓಣಿಯೋರು ಕೊಟ್ಟಾರೆ. ನಾಳೆ ನ್ಯಾಮತಿಯಿಂದ ಗಂಡಿನ ಕಡೆಯೋರು ಮನೆ ನೋಡಿ ಮಾತು ಮುಗಿಸಾಕೆ ಬರ್ತಾರೆ.’ ಹುಡುಗಿಯನ್ನು ಜಗಳೂರಿನ ನೆಂಟರ ಮನೆಯಲ್ಲಿ ನೋಡಿ ಒಪ್ಪಿ ಹೋಗಿದ್ದರಂತೆ. ಉಳಿದದ್ದು ಮನೆ ನೋಡುವುದು. ಆ ಕಡೆ ಅದು ವಾಡಿಕೆ. ಹೆಣ್ಣಿನ ಮನೆಗೆ ಬೀಗರು ಬರುತ್ತಾರೆಂದರೆ ಓಣಿಗೆ ಓಣಿಯೇ ಕೊಡ ಹಂಡೆ ಹೊತ್ತು ತಂದು ಇಟ್ಟು ಹೋಗುತ್ತದೆ. ಅವರು ಹೋದ ಮರುದಿನ ಸದ್ದಿಲ್ಲದೆ ಒಯ್ಯುತ್ತದೆ. ಯಾರೂ ಬಾಯಿ ಬಿಡುವುದಿಲ್ಲ.

ಇದನ್ನು ಕೇಳಿದ ಮೇಲಾದರೂ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಮಜ್ಜಿಗೆ ಕುಡಿದು, ಮತ್ತೆ ಹೊಲಿಗೆ ಹಿಡಿದು ಕೂತಿದ್ದ ಆ ತಾಯಿಯನ್ನು ಕೇಳಿದೆ: ‘ಅವ್ವ, ಬಡತನ ಅಂದ್ರೆ ನೀವು ಏನಂತೀರಿ?’ ಅವರು ಸೂಜಿ ನಿಲ್ಲಿಸಲಿಲ್ಲ. ‘ಬಡತನ ಅಂದ್ರೆ ಏನವ್ವ, ಮನೆಗೆ ಬಂದೋರು ಹೊಸ್ತಿಲು ದಾಟದೆ ಹೊರಗಿಂದಾನೆ ಮಾತಾಡ್ಸಿ ಹೋಗೋದು. ಒಳಗೆ ಬಂದ್ರೆ ಏನಾರ ಕೇಳ್ತಾರೆ ಅಂತ ಅವ್ರಿಗೆ ಅಂಜಿಕೆ. ಒಳಗೆ ಕರದ್ರೆ ಏನು ಕೊಡಾನ ಅಂತ ನಮಗೆ ಅಂಜಿಕೆ.’

ನಾಲ್ಕು ತಿಂಗಳು ಅಲೆದದ್ದಕ್ಕೆ ಈ ಒಂದು ಮಾತು ಸಾಕಿತ್ತು. ತೊಡೆಯ ಮೇಲೆ, ಅರ್ಧ ಹೊಲಿದ ಕೌದಿಯ ಮೇಲೆ ಚೀಟಿ ಇಟ್ಟುಕೊಂಡು ಗೀಚಿದೆ. ಹೆಸರು ಕೇಳಿದೆ, ಹೇಳಿದರು. ವಯಸ್ಸು ಕೇಳಿದೆ, ನಕ್ಕು ಒಂದು ಅಂದಾಜು ಹೇಳಿದರು. ಚೀಟಿಯನ್ನು ಪೆಟ್ಟಿಗೆಗೆ ಹಾಕಿ, ಸಂಜೆ ಬಸ್ಸಿನೊಳಗೆ ಇನ್ನೂ ನಾಲ್ಕಾರು ಸಿಕ್ಕರೆ ಸಿಗಲಿ ಎಂದು ಚಾವಡಿಗೆ ಹೋದೆ.

ಚಾವಡಿಯಲ್ಲಿ ಪಂಚಾಯ್ತಿ ಸೆಕ್ರೆಟರಿ ಕೂತಿದ್ದರು. ಒಳ್ಳೆಯ ಮನುಷ್ಯ, ಆದರೆ ಕಾಗದ ಕಂಡರೆ ಬಿಡುವವರಲ್ಲ. ಪೆಟ್ಟಿಗೆಯಲ್ಲೇನಿದೆ ಎಂದು ಕೇಳಿದರು. ನಾನು ಹೆಮ್ಮೆಯಿಂದ ಚನ್ನಗಿರಿಯ ಒಂದು ಚೀಟಿ ತೆಗೆದು ತೋರಿಸಿದೆ. ಅವರು ಗಟ್ಟಿಯಾಗಿ ಓದಿದರು: ‘ಬಡತನ. ಹೆಸರು ಇಂಥದ್ದು. ವಯಸ್ಸು ಇಷ್ಟು. ಊರು ಚನ್ನಗಿರಿ. ಕಸುಬು ಕಲಾಯಿ.’ ಅಷ್ಟಕ್ಕೇ ನಿಲ್ಲಿಸಿದರು. ಕೆಳಗಿನ ಮಾತು ಅವರಿಗೆ ಬೇಕಿರಲಿಲ್ಲ. ಚಾವಡಿಯ ಕಟ್ಟೆಯ ಮೇಲೆ ಕೂತಿದ್ದ ಊರವರೆಲ್ಲ ಎದ್ದು ನಿಂತರು.

ಮೂರು ವರ್ಷ ಅದೇ ಕ್ರಮದಲ್ಲಿ ಚೀಟಿ ಬರೆದಿದ್ದೆ. ಮೇಲೊಂದು ಪದ, ಕೆಳಗೊಂದು ಹೆಸರು. ಹೊರಗಿನವರ ಕಣ್ಣಿಗೆ ಅದು ಹೇಗೆ ಕಾಣುತ್ತದೆ ಎಂದು ನಾನಾಗಲಿ ಕಚೇರಿಯಲ್ಲಿ ಯಾರಾಗಲಿ ಒಮ್ಮೆಯೂ ಯೋಚಿಸಿರಲಿಲ್ಲ. ‘ಮಜ್ಜಿಗೆ’ ಎಂಬ ಪದಕ್ಕೆ ಆ ಕ್ರಮದಿಂದ ಯಾರಿಗೂ ಏನೂ ಆಗುವುದಿಲ್ಲವಲ್ಲ.

‘ಹಂಗಾರೆ ಬಡವ್ರ ಪಟ್ಟಿ ಮಾಡಾಕೆ ಬಂದೀರಿ. ನಮಗೆ ಮೊದಲೇ ತಿಳಿಸಬೇಕಿತ್ತಲ್ರಿ’ ಎಂದರು ಸೆಕ್ರೆಟರಿ.

‘ಪಟ್ಟಿ ಅಲ್ಲ ಸಾರ್, ಪದ. ಬಡತನ ಅನ್ನೋ ಪದ. ಬೇಕಾದ್ರೆ ನೋಡಿ, ಹೊನ್ನಾಳಿಯ ಗಿರಣಿ ಮಾಲೀಕರೂ ಇದಾರೆ ಇದರಲ್ಲಿ’ ಎಂದು ಆ ಚೀಟಿಯನ್ನೂ ತೆಗೆದು ಕೊಟ್ಟೆ. ಅದಕ್ಕಿಂತ ದಡ್ಡ ಕೆಲಸ ನಾನು ಬೇರೆ ಮಾಡಿಲ್ಲ.

ಅವರು ಅದನ್ನೂ ಓದಿ ಕಟ್ಟೆಯ ಕಡೆ ತಿರುಗಿದರು. ‘ಕೇಳಿದ್ರೇನ್ರಪ್ಪ, ಗಿರಣಿ ಇಟ್ಟೋರೇ ಬಡತನ ಅಂತ ಬರ್ಸ್ಯಾರೆ. ನಾವು ಬಿಟ್ರೆ ಹೆಂಗೆ?’

ಮುಂದಿನ ಮೂರು ಗಂಟೆ ನಾನು ಚಾವಡಿಯ ಮೂಲೆಯ ಮಣೆಯಿಂದ ಏಳಲಾಗಲಿಲ್ಲ. ಮುಂದೆ ಜನ, ಬಾಗಿಲ ತುಂಬ ಜನ. ನಿವೇಶನ ಸಿಗುತ್ತದೆ ಎಂದು ಒಬ್ಬ, ಎಮ್ಮೆ ಸಿಗುತ್ತದೆ ಎಂದು ಇನ್ನೊಬ್ಬ. ಯಾವುದೂ ಸಿಗುವುದಿಲ್ಲ ಎಂದು ಗಂಟಲು ಹರಿದುಕೊಂಡು ಹೇಳಿದೆ. ‘ಇರ್ಲಿ ಬರ್ಕಳ್ರಿ, ಬರ್ಕಂಡ್ರೆ ನಿಮ್ಮ ಗಂಟೇನು ಹೋಗತೈತೆ’ ಎಂದರು. ನಾಲ್ಕು ಗಂಟೆಯ ಬಸ್ಸು ಹಾರನ್ ಹೊಡೆದು ಹೊರಟುಹೋಯಿತು. ಬರೆದರೆ ಬಿಡುಗಡೆ, ಬರೆಯದಿದ್ದರೆ ಇಲ್ಲ. ಬರೆದೆ. ಮೂವತ್ತೊಂದು ಚೀಟಿ. ಮೂವತ್ತೊಂದರಲ್ಲೂ ಒಂದೇ ಮಾತು: ‘ನಮಗೆ ಭಾಳ ಬಡತನ ಐತ್ರಿ.’ ಹೇಳಿದವರಲ್ಲಿ ಅರ್ಧ ಜನಕ್ಕೆ ಅದು ಸುಳ್ಳು. ಉಳಿದರ್ಧ ಜನಕ್ಕೆ ಅದನ್ನು ಹೇಳುವಾಗ ಕತ್ತು ಎತ್ತಲಾಗಲಿಲ್ಲ. ಆ ಕತ್ತುಗಳನ್ನು ನೋಡುತ್ತ ಬರೆಯುವ ಶಿಕ್ಷೆ ಯಾರಿಗೂ ಬೇಡ.

ಮುಗಿಯಿತಲ್ಲ ಎಂದು ಪೆಟ್ಟಿಗೆ ಎತ್ತಿಕೊಂಡರೆ ಸೆಕ್ರೆಟರಿ ಅದರ ಮೇಲೆ ಕೈಯಿಟ್ಟರು. ‘ಊರಿನ ಪಟ್ಟಿ ನಕಲು ಮಾಡ್ಕಳ್ದೆ ಕೊಡಾಕೆ ಬರಲ್ರಿ. ನಾಳೆ ಬೆಳಿಗ್ಗೆ ಎಲ್ಲರ ಮುಂದೆ ಓದ್ಸಿ, ಬರ್ಸಿ, ನಿಮ್ಮ ಪೆಟ್ಟಿಗೆ ನಿಮಗೆ.’ ಪೆಟ್ಟಿಗೆ ಚಾವಡಿಯ ಬೀರುವಿನೊಳಗೆ ಹೋಯಿತು. ಬೀಗ ಬಿತ್ತು. ಕೀಲಿ ಅವರ ಉಡಿದಾರದಲ್ಲಿ.

ಕೌದಿಯ ತಾಯಿಯ ಮನೆಯಲ್ಲೇ ಉಳಿದುಕೊಂಡೆ. ನಾನು ಹೋಗುವಷ್ಟರಲ್ಲಿ ದೀಪ ಹಚ್ಚಿದ್ದರು. ಮಗಳು ಏಳನೆಯವರೆಗೆ ಓದಿದವಳು. ಚಾವಡಿಯ ಸುದ್ದಿಯೆಲ್ಲ ಅವಳಿಗೆ ಮುಟ್ಟಿತ್ತು. ‘ಅಕ್ಕ, ಬೆಳಿಗ್ಗೆ ಅವ್ವನ ಹೆಸರು ಬರ್ಕಂಡ್ರಲ್ಲ, ಅದೂ ಆ ಪೆಟ್ಟಿಗೆಯಾಗೆ ಐತಾ?’ ಎಂದು ಕೇಳಿದಳು. ಹೌದೆಂದೆ. ಅವಳು ತಾಯಿಯ ಮುಖ ನೋಡಿದಳು.

ತಾಯಿ ರೇಗಲಿಲ್ಲ. ರೇಗಿದ್ದರೆ ನನಗೆ ಹಗುರಾಗುತ್ತಿತ್ತು. ‘ನಾಳೆ ಬೀಗರು ಮೊದಲು ಚಾವಡಿಯಾಗೇ ಕುಂದರ್ತಾರವ್ವ. ಶುಕ್ರವಾರ, ರಾಹುಕಾಲ ಕಳೀದೆ ಮನೆ ಹೊಸ್ತಿಲು ತುಳಿಯಲ್ಲ. ಅವ್ರ ಮುಂದೇನೆ ಓದ್ತಾರಲ್ಲ. ಓಣಿಯೋರು ಅಷ್ಟು ಕೊಡ ತಂದಿಟ್ರು, ಒಬ್ರೂ ಬಾಯಿ ಬಿಟ್ಟಿಲ್ಲ. ನಾನೇ ನನ್ನ ಬಾಯಿಂದ ಹೇಳಿ ಕೆಡಿಸ್ಕಂಡೆ’ ಎಂದರು. ‘ಅದನ್ನ ತೆಗೆಯಾಕೆ ಬರಲ್ಲೇನವ್ವ?’

ತೆಗೆಯುತ್ತೇನೆ ಎಂದು ಮಾತು ಕೊಟ್ಟೆ. ಹೇಗೆಂದು ಗೊತ್ತಿರಲಿಲ್ಲ.

ಬೆಳಿಗ್ಗೆ ಎಂಟಕ್ಕೇ ಸೆಕ್ರೆಟರಿಯ ಮನೆ ಬಾಗಿಲಲ್ಲಿ ನಿಂತೆ. ಒಂದು ಚೀಟಿ ತಪ್ಪಾಗಿದೆ, ಕೀಲಿ ಕೊಡಿ ಎಂದೆ. ‘ಪಟ್ಟಿ ಆದ ಮೇಲೆ ತೆಗಿಯೋದು ಹಾಕೋದು ಎಲ್ಲ ಸಭೆಯಾಗೇ ಆಗಬೇಕ್ರಿ, ಇಲ್ಲಾಂದ್ರೆ ನಾಳೆ ನನ್ನ ಮ್ಯಾಲೆ ಬರತೈತೆ’ ಎಂದು ಅವರು ಸ್ನಾನಕ್ಕೆ ಹೋದರು. ಸ್ನಾನವಾಯಿತು, ಪೂಜೆಯಾಯಿತು, ರೊಟ್ಟಿಯಾಯಿತು. ನಾನು ಜಗುಲಿಯಲ್ಲಿ ಕೂತೇ ಇದ್ದೆ. ಹತ್ತಕ್ಕೆ ಬಸ್ಸು ಬಂತು. ಹಿಂದಿನ ದಿನವೇ ಹೊರಟು ದಾವಣಗೆರೆಯಲ್ಲಿ ಉಳಿದಿದ್ದ ನ್ಯಾಮತಿಯ ಐದು ಜನ ಇಳಿದು ನೇರ ಚಾವಡಿಗೆ ಹೋಗಿ ಜಮಖಾನೆಯ ಮೇಲೆ ಕೂತರು. ಅವರಲ್ಲಿ ಹುಡುಗನ ತಂದೆ ರುಮಾಲು ಸುತ್ತಿದ ಮಾತುಗಾರರು. ಬಸ್ಸು ನನ್ನನ್ನು ಬಿಟ್ಟು ತಿರುಗಿತು.

ಹನ್ನೊಂದರ ಹೊತ್ತಿಗೆ ಬೀರು ತೆಗೆದರು. ನಾನು ಪೆಟ್ಟಿಗೆಗೆ ಹೊಸ ಚೀಟಿಯನ್ನು ಯಾವಾಗಲೂ ಮುಂದೆ ಸೇರಿಸುವವಳು. ಅಂದರೆ ಮೂವತ್ತೊಂದು ಮುಗಿದ ಮೇಲೆ ಆ ತಾಯಿಯದು. ನಾನೇ ನಕಲು ಮಾಡಿಕೊಡುತ್ತೇನೆ ಎಂದೆ, ಬೇಡವೆಂದರು. ಜಗಳೂರಿಗೆ ಹೋಗಿ ನಕಲು ಕಳಿಸುತ್ತೇನೆ ಎಂದೆ, ನಕ್ಕರು. ಸೆಕ್ರೆಟರಿ ಓದಲು ಶುರುಮಾಡಿದರು, ಗುಮಾಸ್ತ ಬರೆಯುತ್ತ ಹೋದ. ‘ಬಡತನ, ಹೆಸರು.’ ‘ಬಡತನ, ಹೆಸರು.’ ಒಂದೊಂದು ಚೀಟಿ ಮಗುಚಿದಾಗಲೂ ನಾನು ಉಳಿದವನ್ನು ಎಣಿಸುತ್ತಿದ್ದೆ. ಆ ತಾಯಿ ಬೀಗರಿಗೆ ಕುಡಿಯುವ ನೀರು ತಂದವರು ಹಾಗೇ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟಿದ್ದರು.

ಇಪ್ಪತ್ತೈದು ದಾಟಿದಾಗ ಹುಡುಗನ ತಂದೆ ಎಲೆ ಅಡಿಕೆ ಜಗಿಯುತ್ತ ಹೇಳಿದರು: ‘ಊರಿಗೆ ಊರೇ ಬರ್ಸಿ ಬಿಟ್ಟೈತಲ್ರಿ. ನಮ್ಮ ಬೀಗರಾಗೋರದು ಇಲ್ಲವಷ್ಟೇ?’ ನಗುತ್ತಲೇ ಕೇಳಿದರು. ಆದರೆ ಉತ್ತರಕ್ಕೆ ಕಾದರು.

‘ಇಲ್ಲೀತನಕ ಬಂದಿಲ್ಲ. ಇನ್ನೂ ಐದಾರು ಅದಾವೆ’ ಎಂದರು ಸೆಕ್ರೆಟರಿ.

ಆ ಊರಿನ ಕೊನೆಯ ಚೀಟಿಯನ್ನು ಅವರು ಕೈಗೆತ್ತಿಕೊಂಡು ಕಣ್ಣು ಕಿರಿದು ಮಾಡಿದರು. ಕೌದಿಯ ಮೇಲಿಟ್ಟು ಗೀಚಿದ್ದಲ್ಲವೇ, ಅಕ್ಷರ ಒಂದರ ಮೇಲೊಂದು ಬಿದ್ದಿದ್ದವು. ಬೆಳಕಿಗೆ ಹಿಡಿದರು. ‘ಬಡತನ. ಹೆಸರು...’ ಅಷ್ಟರಲ್ಲಿ ನಾನು ಎದ್ದು ಅವರ ಕೈಯಿಂದ ಚೀಟಿ ಕಿತ್ತುಕೊಂಡಿದ್ದೆ. ‘ನನ್ನ ಕೈಬರಹ ನಿಮಗೆ ತಿಳಿಯಲ್ಲ ಸಾರ್, ನಾನು ಓದ್ತೀನಿ.’

ಓದಬೇಕಲ್ಲ. ಇಲ್ಲದ ಹೆಸರೊಂದನ್ನು ಹೇಳಿದರೆ ಊರವರು ಯಾರದು ಎಂದು ಕೇಳುತ್ತಾರೆ. ಇರುವ ಹೆಸರನ್ನು ಹೇಳಿದರೆ ಇನ್ನೊಬ್ಬರ ಮನೆ ಕೆಡುತ್ತದೆ. ಆ ಚಾವಡಿಯಲ್ಲಿ ನಾನು ಹೇಳಬಹುದಾದ ಹೆಸರು ಒಂದೇ ಒಂದು ಉಳಿದಿತ್ತು. ಆ ತಾಯಿಯ ಹೆಸರು ತೆಗೆಯುತ್ತೇನೆಂದು ಮಾತು ಕೊಟ್ಟವಳು ನಾನು, ಹಾಗೆ ಓದಿದರೆ ಹಾಗೇ ತಿದ್ದಬೇಕು, ತಿದ್ದಿದರೆ ಕಚೇರಿಯಲ್ಲಿ ಆ ಚೀಟಿ ಸತ್ತ ಹಾಗೆ. ಉಳಿದ ಮೂವತ್ತೊಂದಕ್ಕೆ ಹೇಗೂ ಬೆಲೆಯಿಲ್ಲ. ಇಷ್ಟೂ ನನಗೆ ಗೊತ್ತಿತ್ತು. ಆದರೂ ನನ್ನ ನಾಲಿಗೆ ತಡೆದದ್ದು ಕೆಲಸ ಹೋಗುತ್ತದೆಂದಲ್ಲ. ಅಷ್ಟು ಗಂಡಸರ ಮುಂದೆ ಆ ಪದದ ಕೆಳಗೆ ನನ್ನ ಹೆಸರು ಹೇಳಲು ನನಗೆ ನಾಚಿಕೆಯಾಯಿತು. ನಾಲ್ಕು ತಿಂಗಳಿಂದ ಕಂಡಕಂಡವರ ಹತ್ತಿರ ಅದನ್ನೇ ಮಾಡಿಸುತ್ತಿದ್ದೆ.

‘ಬಡತನ’ ಎಂದು ಓದಿದೆ. ಹೆಸರಿನ ಜಾಗದಲ್ಲಿ ನನ್ನ ಹೆಸರು ಹೇಳಿದೆ. ‘ವಯಸ್ಸು ಇಪ್ಪತ್ತೇಳು. ಊರು ದಾವಣಗೆರೆ. ಕಸುಬು ಪದ ಸಂಗ್ರಹ.’

ಗುಮಾಸ್ತ ಬರೆಯುವುದನ್ನು ನಿಲ್ಲಿಸಿದ. ‘ನೀವೂನಾ?’ ಎಂದರು ಸೆಕ್ರೆಟರಿ.

‘ನಾನೂ. ಆದರೆ ನಮ್ಮೂರು ದಾವಣಗೆರೆ, ನಿಮ್ಮ ಪಟ್ಟಿಗೆ ಬೇಡ’ ಎಂದೆ.

ಹುಡುಗನ ತಂದೆ ಜಗಿಯುವುದನ್ನು ಬಿಟ್ಟು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ‘ಪಾಪ, ಓದಿದ ಹೆಣ್ಣುಮಗಳು’ ಎಂದರು. ಆ ‘ಪಾಪ’ ಎಂಬ ಮಾತು ನನ್ನ ಬೆನ್ನಿಗೆ ಚುಚ್ಚಿದ ಹಾಗಾಯಿತು. ಆಮೇಲೆ ಅವರು ಗಡಿಯಾರ ನೋಡಿ, ಹನ್ನೆರಡಾಯಿತೆಂದು ಹೆಗಲ ಮೇಲಿನ ವಲ್ಲಿ ಕೊಡವಿ ಎದ್ದರು. ಐದೂ ಜನ ಆ ತಾಯಿಯ ಹಿಂದೆ ಓಣಿಗೆ ತಿರುಗಿ, ಚಪ್ಪಲಿ ಬಿಟ್ಟು, ಒಳಗೆ ಹೋದದ್ದನ್ನು ಚಾವಡಿಯಿಂದಲೇ ನೋಡಿದೆ. ಎರಡು ಗಂಟೆ ಅವರು ಹೊರಗೆ ಬರಲಿಲ್ಲ.

ನಾಲ್ಕರ ಬಸ್ಸಿಗೆ ನಿಂತಿದ್ದಾಗ ಆ ತಾಯಿ ಸೆರಗಿನಲ್ಲಿ ನಾಲ್ಕು ಹೋಳಿಗೆ ಕಟ್ಟಿಕೊಂಡು ಬಂದರು. ಮಾತು ಮುಗಿಯಿತು, ಕಾರ್ತೀಕದಲ್ಲಿ ಮದುವೆ ಎಂದರು. ಉಪಕಾರ ಎಂದೆಲ್ಲ ಹೇಳಲಿಲ್ಲ. ಹೋಳಿಗೆಯನ್ನು ನನ್ನ ಕೈಚೀಲಕ್ಕೆ ಹಾಕಿ ನನ್ನ ಕೊರಳು ನೋಡಿದರು. ‘ನಿನ್ನ ಮದುವೆ ಆಗೈತೇನವ್ವ?’

‘ಇಲ್ಲ.’

‘ಮತ್ತೆ ಅಷ್ಟು ಜನದಾಗೆ ನಿನ್ನ ಹೆಸರ್ಯಾಕೆ ಓದಿದೆ?’ ಎಂದು ಕಣ್ಣು ತುಂಬಿಕೊಂಡರು. ಬಸ್ಸಿನಲ್ಲಿ ಕೂತು, ಅವರ ಹೆಸರನ್ನು ತಿಕ್ಕಿ ಅಳಿಸಿ ಅಲ್ಲಿ ನನ್ನದನ್ನು ಬರೆದೆ.

ಕಚೇರಿಯಲ್ಲಿ ಸಂಪಾದಕರು ಮೂವತ್ತೊಂದು ಚೀಟಿಗಳನ್ನು ಹಗ್ಗ ಕಟ್ಟಿ ಪಕ್ಕಕ್ಕಿಟ್ಟರು. ಕೊನೆಯದನ್ನು ಮೂರು ಸಲ ಓದಿದರು. ಕನ್ನಡಕ ತೆಗೆದು ಹೇಳಿದರು: ‘ಇದೊಂದು ಸಾಕಮ್ಮ. ನಿಮ್ಮ ಮುಂದಿನ ಆರು ತಿಂಗಳಿಗೆ ಇದೊಂದೇ ಸಾಕು. ಆದರೆ ಇಲ್ಲಿ ಅಳಿಸಿ ಬರೆದಿದ್ದೀರಿ. ಯಾರು ಹೇಳಿದ್ದು? ಹೆಸರು ಕೊಡಿ.’

‘ನಾನೇ ಸರ್.’

‘ಸಂಗ್ರಾಹಕರ ಮಾತನ್ನು ತಗೊಳ್ಳೋ ಹಾಗಿಲ್ಲ, ನಿಮಗೆ ಗೊತ್ತು. ಹೊಡೆದು ಹಾಕಬೇಕಾಗುತ್ತೆ. ನಿಮ್ಮ ಕೆಲಸದ ಪ್ರಶ್ನೆ ಇದು. ಯಾರು ಅಂತ ಹೇಳಿಬಿಡಿ.’

ನನ್ನದೇ ಎಂದು ಮತ್ತೊಮ್ಮೆ ಹೇಳಿದೆ. ಅವರು ಕೆಂಪು ಪೆನ್ನು ಕೈಗೆತ್ತಿಕೊಂಡು, ಸುಳ್ಳು ಹಿಡಿದವರ ಧಾಟಿಯಲ್ಲಿ ಕೇಳಿದರು: ‘ಸರಿ, ನಿಮ್ಮದೇ ಮಾತು ಅಂತಿಟ್ಟುಕೊಳ್ಳೋಣ. ನಿಮ್ಮ ಮನೆಗೆ ಬಂದವರು ಯಾರು ಹಾಗೆ ಹೊಸ್ತಿಲು ದಾಟದೆ ಹೊರಗಿಂದಲೇ ಹೋಗಿದ್ದಾರೆ?’

‘ನನ್ನನ್ನು ನೋಡಲು ಬಂದವರು ಸರ್’ ಎಂದೆ. ‘ಎರಡು ಸಲ.’